ಪಾಶ್ಚಾತ್ಯ ಸಂಗೀತ ನಮಗ್ಯಾಕ ಅನ್ನಬ್ಯಾಡ್ರಿ!

ಹುಬ್ಬಳ್ಳಿ-ಧಾರವಾಡದವರಿಗೆ ಸಂಗೀತ ಹೊಸದಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಇವರ ಹೆಸರು ಕೇಳುತ್ತಲೇ ಬೆಳೆದವರು ನಾವು. ಆದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಎಂದೊಡನೆ ‘ಅಯ್ಯ, ಅದು ಕಲಿತವರಿಗೆ, ನಮಗ್ಯಾಕ ಬೇಕ್ರೀ?’ ಎಂದು ಹಿಂದೆ ಸರಿಯುತ್ತೇವೆ. ರಾಗದ ಲಕ್ಷಣ ಗೊತ್ತಿಲ್ಲದೆಯೂ ಭೀಮಪಲಾಸಕ್ಕೆ ತಲೆದೂಗುವ ಕಿವಿ ನಿಮ್ಮದೇ? ಹಾಗಾದರೆ ಇದಕ್ಕೂ ಅಷ್ಟೇ ಸಾಕು.

ಅದು ನಮಗೆ ತೀರ ದೂರದ್ದೂ ಅಲ್ಲ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಅವರೊಡನೆ ಜರ್ಮನ್ ದೇವಸ್ತುತಿಗಳ ಧಾಟಿಗಳೂ ಬಂದವು. ಆ ಧಾಟಿಗೆ ಕನ್ನಡದ ಮಾತು ಕೂಡಿಸಿ ಹಾಡುವ ರೂಢಿ ಬೆಳೆಯಿತು. ಜರ್ಮನಿಯ ಬಾಖ್ (1685–1750) ತನ್ನ ಎಷ್ಟೋ ಕೃತಿಗಳನ್ನು ಕಟ್ಟಿದ್ದು ಇಂಥ ಧಾಟಿಗಳ ಮೇಲೆಯೇ. ಸುಮಾರು 1600ರಿಂದ 1750ರವರೆಗಿನ ಈ ಸಂಗೀತಕ್ಕೆ ‘ಬರೋಕ್’ ಎಂದು ಹೆಸರು.

ಮೊದಲು ಏನು ಕೇಳಬೇಕು?

ಇಟಲಿಯ ವಿವಾಲ್ಡಿಯ ‘ನಾಲ್ಕು ಋತುಗಳು’ ಕೇಳಿರಿ. 1725ರಲ್ಲಿ ಅಚ್ಚಾದ ನಾಲ್ಕು ಕನ್ಚರ್ಟೊಗಳಿವು. ಒಂದೊಂದೂ ಸುಮಾರು ಹತ್ತು ನಿಮಿಷದ್ದು. ಎಲ್ಲ ವಾದ್ಯಗಳೂ ಸೇರಿ ಪಲ್ಲವಿಯಂಥದೊಂದನ್ನು ನುಡಿಸುತ್ತವೆ. ನಡುವೆ ಒಂಟಿ ಪಿಟೀಲು ತನ್ನ ಕೈಚಳಕ ತೋರಿಸುತ್ತದೆ. ಮತ್ತೆ ಪಲ್ಲವಿ! ಖ್ಯಾಲಿನಲ್ಲಿ ಮುಖಡಾ ಮರಳಿ ಬಂದಾಗ ಆಗುವ ಸಮಾಧಾನವೇ ಇಲ್ಲಿಯೂ ಉಂಟು. ‘ವಸಂತ’ದಲ್ಲಿ ಹಕ್ಕಿಯ ಚಿಲಿಪಿಲಿ, ನಡುವೆ ಗುಡುಗು. ‘ಚಳಿಗಾಲ’ದ ನಡುವಿನ ಭಾಗದಲ್ಲಿ ಒಳಗೆ ಬೆಂಕಿಯ ಮುಂದೆ ಬೆಚ್ಚಗೆ ಕುಳಿತಿರುವಾಗ ಹೊರಗೆ ಮಳೆ ಹನಿಯುತ್ತಿರುತ್ತದೆ. ಧಾರವಾಡದ ಜಿಟಿಜಿಟಿ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಈ ವಿವಾಲ್ಡಿ 1703ರಿಂದ ವೆನಿಸ್ಸಿನ ಒಂದು ಅನಾಥಾಲಯದಲ್ಲಿ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸಿದ. ಎಷ್ಟೋ ಕೃತಿಗಳನ್ನು ಅವರಿಗಾಗಿಯೇ ಬರೆದ. ಅವರು ನುಡಿಸುತ್ತಿದ್ದುದು, ಹಾಡುತ್ತಿದ್ದುದು ಜಾಲರಿಯ ಮರೆಯಲ್ಲಿ. ಕೇಳಲು ದೂರದೇಶಗಳಿಂದ ಜನ ಬರುತ್ತಿದ್ದರು. ಅವರಲ್ಲಿ ಒಬ್ಬಳು ‘ಪಿಟೀಲಿನ ಅನ್ನಾ ಮರಿಯಾ’ ಎಂದೇ ಹೆಸರಾದಳು. ತಂದೆತಾಯಿ ತಿಳಿಯದ ಆ ಹುಡುಗಿಗೆ ವಾದ್ಯವೇ ಮನೆತನದ ಹೆಸರಾಯಿತು ನೋಡಿ! ಹಾಡಲು ಹೊರಟು ಗಂಗೂಬಾಯಿಯವರು ಎಷ್ಟು ಹೀಯಾಳಿಕೆ ನುಂಗಿದರೆಂದು ಬಲ್ಲ ನಮಗೆ ಇದರ ಬೆಲೆ ಗೊತ್ತು.

ನಾಲ್ಕು ದನಿ, ಒಂದು ಹಾಡು

ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ಧಾಟಿ ಹಾಡುತ್ತೇವೆ. ಅವರ ಗುಂಪುಗಾಯನದಲ್ಲಿ ಸಾಮಾನ್ಯವಾಗಿ ಹೆಂಗಸರದು ಎರಡು ದನಿ, ಗಂಡಸರದು ಎರಡು. ನಾಲ್ಕೂ ಬೇರೆ ಬೇರೆ ನಡೆಯುತ್ತ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮೊದಲ ಸಲ ಗದ್ದಲವೆನಿಸಿದರೆ ಬೇಸರಪಡಬೇಡಿ. ಒಮ್ಮೆ ಮೇಲಿನ ದನಿಯನ್ನಷ್ಟೇ ಹಿಂಬಾಲಿಸಿ, ಇನ್ನೊಮ್ಮೆ ಕೆಳಗಿನದನ್ನು. ಮೂರನೆಯ ಸಲ ಎರಡೂ ತಾವಾಗಿಯೇ ಕೂಡುತ್ತವೆ.

ಇದಕ್ಕೆ ಹ್ಯಾಂಡೆಲನ ‘ಮೆಸ್ಸಾಯ’ದ ‘ಹಲ್ಲೆಲೂಯ’ ಒಳ್ಳೆಯದು; ನಾಲ್ಕೇ ನಿಮಿಷದ್ದು. ‘ಮೆಸ್ಸಾಯ’ವನ್ನು ಮೊದಲು ಹಾಡಿದ್ದು 1742ರ ಏಪ್ರಿಲ್ 13ರಂದು, ಐರ್ಲೆಂಡಿನ ಡಬ್ಲಿನ್ನಿನಲ್ಲಿ. ಜನ ಹೆಚ್ಚಾದಾರೆಂದು, ಲಂಗವನ್ನು ಉಬ್ಬಿಸುವ ಚೌಕಟ್ಟು ತೊಡದೆ ಬರಬೇಕೆಂದು ಹೆಂಗಸರಿಗೂ, ಕತ್ತಿ ಬಿಟ್ಟು ಬರಬೇಕೆಂದು ಗಂಡಸರಿಗೂ ಮುಂಚೆಯೇ ವಿನಂತಿಸಿದ್ದರು. ಕೂಡಿದ ಹಣ ಸಾಲಕ್ಕಾಗಿ ಸೆರೆಯಾದವರ ಬಿಡುಗಡೆಗೆ, ಆಸ್ಪತ್ರೆಗಳಿಗೆ ಸಂದಿತು.

ನಿಮ್ಮದೇ ಹತ್ತು ನಿಮಿಷ

ರೊಟ್ಟಿ ತಟ್ಟುವಾಗ, ಕಾಯಿಪಲ್ಲೆ ಸೋಸುವಾಗ ಮೊಬೈಲಿನಲ್ಲಿ ಹಚ್ಚಿಟ್ಟರೂ ನಡೆದೀತು. ಒಂದೇ ತುಣುಕನ್ನು ವಾರವಿಡೀ ಕೇಳಿರಿ. ಪರಿಚಯವಾದ ಮೇಲೆ ಮುಂದಿನದು. ಆಮೇಲೆ ಬಾಖನ ಎರಡು ಪಿಟೀಲುಗಳ ಕನ್ಚರ್ಟೊ ಕೇಳಿ, ಜುಗಲ್‌ಬಂದಿಯ ನೆನಪಾಗದಿದ್ದರೆ ಕೇಳಿ! ಆದರೆ ವಾರಕ್ಕೆ ಒಮ್ಮೆಯಾದರೂ ಕೈಯ ಕೆಲಸ ಬದಿಗಿಟ್ಟು, ಸುಮ್ಮನೆ ಕುಳಿತು ಆಲಿಸಿ. ಮನೆಮಂದಿಗೆಲ್ಲ ಹೊತ್ತು ಹಂಚಿ ತನಗೆಂದು ಏನೂ ಉಳಿಸಿಕೊಳ್ಳದ ಗೃಹಿಣಿಗೆ ಆ ಹತ್ತು ನಿಮಿಷ ಸೋಮಾರಿತನವಲ್ಲ, ಅವಳ ಹಕ್ಕು. ‘ಏನ್ ಕೇಳಾಕತ್ತೀಯವ್ವಾ?’ ಎಂದು ಮಕ್ಕಳು ಕೇಳಿದರೆ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಹಕ್ಕಿ ಎಲ್ಲಿ ಕೂಗಿತು, ಗುಡುಗು ಎಲ್ಲಿ ಬಂತು, ಅವರೇ ಹುಡುಕಲಿ.