ಎರಡು ಸೀರಮ್‌ಗಳ ನಡುವಿನ ಹೊಣೆ

ಮುಖಕ್ಕೆ ಲೇಪಿಸುವ ಸೀರಮ್‌ಗಳು ಇಂದು ಔಷಧದ ಅಂಗಡಿಗಳಲ್ಲಷ್ಟೇ ಅಲ್ಲ, ಫ್ಯಾನ್ಸಿ ಸ್ಟೋರ್‌ಗಳಲ್ಲಿಯೂ ದೊರೆಯುತ್ತವೆ. ಒಬ್ಬ ತಯಾರಕರ ರೆಟಿನಾಲ್, ಮತ್ತೊಬ್ಬರ ಗ್ಲೈಕಾಲಿಕ್ ಆಮ್ಲ ಬಿಡಿಬಿಡಿಯಾಗಿ ಒಗ್ಗಿದರೂ, ಎರಡನ್ನೂ ಒಂದೇ ರಾತ್ರಿ ಹಚ್ಚಿಕೊಂಡಲ್ಲಿ ಚರ್ಮ ಕೆಂಪಾಗಿ, ಉರಿದು, ಸಿಪ್ಪೆಯೇಳಬಹುದು. ದೂರು ಮಾತ್ರ ಮಾರಿದ ಅಂಗಡಿಗೇ ಬರುತ್ತದೆ.

ಆಮ್ಲವು ಮೇಲ್ಪದರದ ಸತ್ತ ಕೋಶಗಳ ಬಿಗಿಯನ್ನು ಸಡಿಲಿಸುತ್ತದೆ. ರೆಟಿನಾಲ್ ಹೊಸ ಕೋಶಗಳ ಹುಟ್ಟನ್ನು ತ್ವರಿತಗೊಳಿಸುತ್ತದೆ. ಆದುದರಿಂದ ಇವೆರಡನ್ನೂ ಬೇರೆ ಬೇರೆ ರಾತ್ರಿಗಳಲ್ಲಿ, ಆರಂಭದಲ್ಲಿ ವಾರಕ್ಕೆ ಒಂದೆರಡು ಬಾರಿ ಮಾತ್ರ ಬಳಸುವುದು ಕ್ಷೇಮ. ವಿಟಮಿನ್ ಸಿ ಬೆಳಿಗ್ಗೆಗೆ ಸೂಕ್ತ. ಅದರ ಮೇಲೆ ಸನ್‌ಸ್ಕ್ರೀನ್ ತಪ್ಪಕೂಡದು. ನಿಯಾಸಿನಮೈಡ್ ಸಾಮಾನ್ಯವಾಗಿ ಎಲ್ಲದರೊಡನೆ ಹೊಂದಿಕೊಳ್ಳುತ್ತದೆ. ಅದು ವಿಟಮಿನ್ ಸಿಯೊಡನೆ ಸೇರದೆಂಬ ಮಾತು ಅಂಗಡಿಗಳಲ್ಲಿ ಇನ್ನೂ ಉಳಿದಿರುವುದು ಸೋಜಿಗ. ಗರ್ಭಿಣಿಯರಿಗೆ ರೆಟಿನಾಲ್ ಮಾರಲೇಬಾರದು.

ಗ್ಲೈಕಾಲಿಕ್ ಮುಂತಾದ ಆಮ್ಲಗಳಿರುವ ಸರಕಿನ ಮೇಲೆ ಬಿಸಿಲಿನ ಎಚ್ಚರಿಕೆ ಮುದ್ರಿಸುವಂತೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2005ರಲ್ಲಿಯೇ ಸಲಹೆ ನೀಡಿತು. ಯುರೋಪಿಯನ್ ಒಕ್ಕೂಟವು 2024ರ ನಿಯಮದಲ್ಲಿ ಮುಖದ ಉತ್ಪನ್ನಗಳ ರೆಟಿನಾಲ್ ಪ್ರಮಾಣವನ್ನು ಶೇ. 0.3ಕ್ಕೆ ಸೀಮಿತಗೊಳಿಸಿತು; ಹಳೆಯ ದಾಸ್ತಾನಿಗೆ 2027ರ ಮೇ 1ರವರೆಗೆ ಮಾತ್ರ ಗಡುವು. ರಫ್ತುದಾರರು ಇದನ್ನು ಮರೆಯುವಂತಿಲ್ಲ.

ನಮ್ಮಲ್ಲಿ 2020ರ ಸೌಂದರ್ಯವರ್ಧಕ ನಿಯಮಗಳಂತೆ ತಯಾರಿಕೆಗೆ ಪರವಾನಗಿ ಅಗತ್ಯ. ಆದರೆ ಪರವಾನಗಿಯು ಒಂದು ಸೀರಮ್ ಇನ್ನೊಂದರೊಡನೆ ಹೇಗೆ ವರ್ತಿಸುವುದೆಂದು ಗ್ರಾಹಕರಿಗೆ ತಿಳಿಸದು. “ಇತರ ಆಮ್ಲಗಳೊಡನೆ ಅದೇ ರಾತ್ರಿ ಬಳಸಬೇಡಿ” ಎಂಬ ಸಾಲನ್ನು ಕನ್ನಡದಲ್ಲಿಯೂ ಮುದ್ರಿಸಲು ಲೇಬಲ್ಲಿನಲ್ಲಿ ಅರ್ಧ ಅಂಗುಲ ಜಾಗ ಸಾಕು.