ನಿಮಗಿದು ಗೊತ್ತೆ? ಬಿಳಿ ಶೂ, ಕೆಂಪು ಮಣ್ಣು

ನಾಗಮಂಗಲ, ಕೆ.ಆರ್. ಪೇಟೆಯ ಹೊಲದ ಬದುಗಳಲ್ಲಿ ಓಡಾಡಿದರೆ ಬಿಳಿ ಸ್ನೀಕರ್‌ನ ಅಟ್ಟೆ ಕೆಂಪಾಗುತ್ತದೆ. ಅಲ್ಲಿನ ಕೆಂಪು ಮಣ್ಣಿಗೆ ಬಣ್ಣ ಕೊಟ್ಟಿರುವುದು ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಬಳಗ. ಅದು ಬ್ಲೀಚ್‌ಗೆ ಬಗ್ಗುವುದಿಲ್ಲ. ಮೇಲಾಗಿ ಬ್ಲೀಚ್ ತಾಗಿದ ರಬ್ಬರು ಹಳದಿಯಾಗುತ್ತದೆ.

ಕೆಸರನ್ನು ಹಸಿಯಾಗಿ ಉಜ್ಜಬಾರದು, ಸಣ್ಣ ಕಣಗಳು ಅಟ್ಟೆಯ ಗೀರುಗಳಿಗೆ ಇಳಿಯುತ್ತವೆ. ಶ್ರೀರಂಗಪಟ್ಟಣದ ನಾಲೆ ಬಯಲಿನ ಅಂಟು ಕೆಸರಿಗೂ ಇದೇ ಮಾತು. ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿ, ಅಡುಗೆ ಸೋಡಾಕ್ಕೆ ಪಾತ್ರೆ ತೊಳೆಯುವ ದ್ರವ ಕಲಸಿ, ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕಬೇಕು. ಸೋಡಾದ ನುಣ್ಣನೆ ಹರಳುಗಳು ರಬ್ಬರನ್ನು ಹೆಚ್ಚು ಗೀರದೆ ಕೊಳೆ ಕೀಳುತ್ತವೆ. ಚೆನ್ನಾಗಿ ತೊಳೆದ ಮೇಲೂ ಕೆಂಪು ಉಳಿದಿದ್ದರೆ ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಡಿ: ಸಿಟ್ರಿಕ್ ಆಮ್ಲ ಕಬ್ಬಿಣವನ್ನು ನಿಧಾನವಾಗಿ ಕರಗಿಸುತ್ತದೆ. ಸೋಡಾ, ನಿಂಬೆ ಒಟ್ಟಿಗೆ ಬೆರೆಸಿದರೆ ನೊರೆಯೆದ್ದು ಎರಡರ ಬಲವೂ ಕುಗ್ಗುತ್ತದೆ. ಬ್ಲೀಚ್‌ಗೆ ನಿಂಬೆ ಸೇರಿಸುವುದಂತೂ ಅಪಾಯ, ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

 

ತೊಳೆದ ಶೂ ನೆರಳಲ್ಲೇ ಒಣಗಲಿ. ಬಿಸಿಲಿನ ಅತಿನೇರಳೆ ಕಿರಣಗಳೂ ಬಿಳಿ ಅಟ್ಟೆಯನ್ನು ಹಳದಿಗೆ ತಿರುಗಿಸುತ್ತವೆ.