ಗುರುವಾರ ತಡವಾಗಿ ಮುಚ್ಚುವ ಗ್ಯಾಲರಿಗಳು

ದಕ್ಷಿಣ ಮುಂಬಯಿಯ ಕೊಲಾಬಾ, ಕಾಳಾ ಘೋಡಾ ಮತ್ತು ಫೋರ್ಟ್ ಭಾಗದ ಹತ್ತಾರು ಕಲಾ ಗ್ಯಾಲರಿಗಳು ಸಾಮಾನ್ಯವಾಗಿ ಸಂಜೆ ಆರೇಳು ಗಂಟೆಗೆ ಬಾಗಿಲು ಹಾಕುತ್ತವೆ. ಆರ್ಟ್ ನೈಟ್ ಥರ್ಸ್‌ಡೇ ಎಂದು ಕರೆಯುವ ಗುರುವಾರ ಮಾತ್ರ ಅವು ರಾತ್ರಿ ಒಂಬತ್ತು, ಒಂಬತ್ತೂವರೆವರೆಗೂ ತೆರೆದಿರುತ್ತವೆ. ತಿಂಗಳ ಎರಡನೇ ಗುರುವಾರ ಎಂಬ ರೂಢಿಯಿಂದ ಇದು ಬೆಳೆದುಬಂತು. ದಿನ ಹಿಂದುಮುಂದಾಗುವುದೂ ಉಂಟು. ಹೊಸ ಪ್ರದರ್ಶನಗಳ ಆರಂಭವನ್ನು ಅದೇ ಸಂಜೆಗೆ ಹೊಂದಿಸಿಕೊಳ್ಳುತ್ತಾರೆ. ಟಿಕೆಟ್ ಇಲ್ಲ, ಆಮಂತ್ರಣ ಪತ್ರಿಕೆ ಬೇಕಿಲ್ಲ.

ಟಿಕೆಟ್ ಇಲ್ಲದಿರುವುದು ಆ ಒಂದು ಸಂಜೆಯ ರಿಯಾಯಿತಿಯೇನೂ ಅಲ್ಲ. ಖಾಸಗಿ ಗ್ಯಾಲರಿಗಳು ವರ್ಷವಿಡೀ ಪುಕ್ಕಟೆಯೇ. ಅವುಗಳ ಗಳಿಕೆ ಬರುವುದು ಚಿತ್ರ ಮಾರಾಟವಾದಾಗ ಕಲಾವಿದನ ಜೊತೆ ಹಂಚಿಕೊಳ್ಳುವ ಪಾಲಿನಿಂದ. ನೋಡಲು ಬಂದವರಿಂದ ದುಡ್ಡು ಕೇಳಿದರೆ ಕೊಳ್ಳಲು ಬರುವವರೂ ಬಾರರು. ಆದರೂ ಮಧ್ಯಾಹ್ನದ ಹೊತ್ತು ಇಂಥ ಬಾಗಿಲನ್ನು ತಳ್ಳಿ ಒಳಗೆ ಹೋಗಲು ಹೆಚ್ಚಿನವರು ಹಿಂಜರಿಯುತ್ತಾರೆ. ಕೆಳಗೆ ಕಾವಲುಗಾರ, ಮೇಲಿನ ಮಹಡಿಯಲ್ಲಿ ಕರೆಗಂಟೆ ಇರುವ ಮುಚ್ಚಿದ ಕದ, ಒಳಗೆ ಬಿಳಿ ಗೋಡೆ ಮತ್ತು ಮೇಜಿನ ಹಿಂದೆ ಒಬ್ಬರೇ ಕುಳಿತ ಸಹಾಯಕಿ. ಕೊಳ್ಳದವನಿಗೆ ಇಲ್ಲೇನು ಕೆಲಸ ಎಂದು ಯಾರೂ ಕೇಳುವುದಿಲ್ಲ. ಕೇಳಿಯಾರು ಎಂಬ ಅಳುಕೇ ಸಾಕು. ಗುರುವಾರ ಸಂಜೆ ಕದ ತೆರೆದೇ ಇರುತ್ತದೆ, ಮೆಟ್ಟಿಲ ಮೇಲೆ ನಾಲ್ಕು ಜನ ಮಾತಾಡುತ್ತಿರುತ್ತಾರೆ, ಕಲಾವಿದರೂ ಅಲ್ಲೇ ಎಲ್ಲೋ ನಿಂತಿರುತ್ತಾರೆ. ಕಚೇರಿ ಬಿಟ್ಟವರಿಗೂ ಅದು ಅನುಕೂಲದ ಹೊತ್ತು.

ದುಡಿಯುವವರಿಗಾಗಿ ಸಂಜೆ ಬಾಗಿಲು ತೆರೆಯುವ ವಿಚಾರಕ್ಕೆ ನೂರೈವತ್ತು ವರ್ಷ ದಾಟಿದೆ. ಲಂಡನ್ನಿನಲ್ಲಿ 1857ರಲ್ಲಿ ಆರಂಭವಾದ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ, ಅಂದರೆ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಗ್ಯಾಸ್ ದೀಪ ಹಚ್ಚಿ ರಾತ್ರಿಯೂ ಜನರನ್ನು ಬಿಟ್ಟುಕೊಂಡಿತು. ಕೂಲಿಕಾರರು ಹೆಂಡದಂಗಡಿ ಬಿಟ್ಟು ಇತ್ತ ಬರಲಿ ಎಂಬುದು ಅದರ ಮೊದಲ ನಿರ್ದೇಶಕ ಹೆನ್ರಿ ಕೋಲ್‌ನ ಲೆಕ್ಕ. ಬರ್ಲಿನ್ ನಗರ 1997ರಲ್ಲಿ ವಸ್ತುಸಂಗ್ರಹಾಲಯಗಳ ದೀರ್ಘ ರಾತ್ರಿಯನ್ನು ಆರಂಭಿಸಿತು. ಅಲ್ಲಿಂದ ಅದು ಯುರೋಪಿನ ಬೇರೆ ನಗರಗಳಿಗೂ ಹರಡಿತು. ಹೀಗೆ ಹೆಚ್ಚು ಹೊತ್ತು ತೆರೆದಿಡಲು ವಸ್ತುಸಂಗ್ರಹಾಲಯಗಳಿಗೆ ಒಂದು ಅಡಚಣೆ ಇದೆ. ಕಾಗದದ ಮೇಲಿನ ಚಿತ್ರ, ಜಲವರ್ಣಗಳಿಗೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬುದು ಸಂರಕ್ಷಣೆಯ ನಿಯಮ. ಬೆಳಕಿನ ಹಾನಿ ತಾಸು ತಾಸಿಗೂ ಕೂಡುತ್ತಲೇ ಹೋಗುತ್ತದೆ, ಹೆಚ್ಚುವರಿ ತಾಸುಗಳೂ ಆ ಲೆಕ್ಕಕ್ಕೇ ಸೇರುತ್ತವೆ. ಕೆಲವೇ ವಾರ ಚಿತ್ರ ತೂಗುಹಾಕಿ ಇಳಿಸುವ ಮಾರಾಟದ ಗ್ಯಾಲರಿಗೆ ಆ ಚಿಂತೆ ಅಷ್ಟಿಲ್ಲ.

ಮುಂಬಯಿಯ ಈ ಸಂಜೆಯನ್ನು ಜಹಾಂಗೀರ್ ಆರ್ಟ್ ಗ್ಯಾಲರಿಯಿಂದ ಶುರುಮಾಡುವುದು ಲೇಸು, ಏಕೆಂದರೆ ಅದರ ಮಾಮೂಲು ಸಮಯ ಏಳು ಗಂಟೆಗೇ ಮುಗಿಯುತ್ತದೆ. 1952ರಲ್ಲಿ ಸರ್ ಕಾವಸ್‌ಜಿ ಜಹಾಂಗೀರ್ ನೆರವಿನಿಂದ ಇದು ತಲೆಯೆತ್ತಿತು. ಇದಕ್ಕಾಗಿ ಒತ್ತಾಯ ಹಾಕಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಜೊತೆಗೆ ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೂ (1911–1996) ಇದ್ದರು. ಇಲ್ಲಿನ ಸಭಾಂಗಣಗಳನ್ನು ಕಲಾವಿದರೇ ವಾರದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುತ್ತಾರೆ, ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಹೊರಗಿನ ಫುಟ್‌ಪಾತಿನಲ್ಲಿ ಸರದಿ ಸಿಗದವರ ಚಿತ್ರಗಳೂ ಮಾರಾಟಕ್ಕಿರುತ್ತವೆ. ಒಳಗಿನದಕ್ಕಿಂತ ಹೊರಗಿನದೇ ಹೆಚ್ಚು ಹೊತ್ತು ನಿಲ್ಲಿಸಿಕೊಂಡ ವಾರಗಳೂ ಇಲ್ಲದಿಲ್ಲ.

ಜಹಾಂಗೀರ್‌ನ ಮೊದಲ ಮಹಡಿಯಲ್ಲಿಯೇ 1963ರಲ್ಲಿ ಕೇಕೂ ಮತ್ತು ಖೋರ್ಷೆದ್ ಗಾಂಧಿ ದಂಪತಿ ಕೆಮೌಲ್ಡ್ ಗ್ಯಾಲರಿ ತೆರೆದರು. ಅವರದು ಮೂಲತಃ ಚಿತ್ರಗಳಿಗೆ ಕಟ್ಟು ಹಾಕುವ ವ್ಯಾಪಾರ. ಕಟ್ಟು ಹಾಕಿಸಲು ಬಂದ ಕಲಾವಿದರ ಕೃತಿಗಳನ್ನು ಅಂಗಡಿಯಲ್ಲಿ ತೂಗುಹಾಕುವುದರಿಂದ ಗ್ಯಾಲರಿಯ ದಾರಿ ತೆರೆಯಿತು. 2007ರಲ್ಲಿ ಅದು ಫೋರ್ಟಿನ ಕ್ವೀನ್ಸ್ ಮ್ಯಾನ್ಶನ್ನಿಗೆ ಬಂತು. ಕಾಳಾ ಘೋಡಾದಿಂದ ಅಲ್ಲಿಗೆ ನಡೆದೇ ಹೋಗಬಹುದು. ಕೊಲಾಬಾ ಕಡೆಯ ಪ್ರಾಜೆಕ್ಟ್ 88 ಇರುವುದು ಹಿಂದೆ ಮುದ್ರಣಾಲಯವಾಗಿದ್ದ ಕಟ್ಟಡದಲ್ಲಿ. ಆರ್ಥರ್ ಬಂದರ್ ರಸ್ತೆ, ತಾಜ್ ಹೋಟೆಲಿನ ಹಿಂದಿನ ಓಣಿಗಳ ಹಳೆಯ ಮನೆಗಳಲ್ಲೂ ಗ್ಯಾಲರಿಗಳಿವೆ. ನೆಲಮಹಡಿ ಉಗ್ರಾಣ, ಮೊದಲ ಮಹಡಿ ಗ್ಯಾಲರಿ, ಅದರ ಮೇಲೆ ಸಂಸಾರ ಎಂಬಂಥ ಕಟ್ಟಡಗಳೂ ಇಲ್ಲಿವೆ. ಎಲ್ಲವನ್ನೂ ಒಂದೇ ಸಂಜೆ ಮುಗಿಸಲು ಹೊರಟರೆ ಯಾವುದೂ ತಲೆಗೆ ಹತ್ತುವುದಿಲ್ಲ, ನಾಲ್ಕೈದು ಸಾಕು.

ಒಳಗೆ ಹೋದವರು ತಿಳಿದಿರಬೇಕಾದ ಸಂಗತಿಗಳು ಬಹಳವಿಲ್ಲ. ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ಹೆಸರು ಬರೆಯುವುದು ಐಚ್ಛಿಕ. ಗೋಡೆಯ ಮೇಲೆ ಬೆಲೆ ಇರುವುದಿಲ್ಲ, ಹಲವು ಕಡೆ ಹೆಸರಿನ ಚೀಟಿಯೂ ಇರದೆ ಬರಿಯ ಸಂಖ್ಯೆ ಇರುತ್ತದೆ. ಮೇಜಿನ ಬಳಿ ಕೇಳಿದರೆ ಕೃತಿಗಳ ಹೆಸರು, ಅಳತೆ, ಮಾಧ್ಯಮ ನಮೂದಿಸಿದ ಹಾಳೆ ಕೊಡುತ್ತಾರೆ. ಚಿತ್ರದ ಪಕ್ಕದಲ್ಲಿ ಕಾಸಿನಗಲಕ್ಕಿಂತಲೂ ಚಿಕ್ಕದಾದ ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟವಾಗಿದೆ ಎಂದರ್ಥ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದವರಿಗೆ ಚಿತ್ರಕಲೆಯ ವಿಷಯದಲ್ಲಿ ಮುಂಬಯಿ ಪರವೂರೇನಲ್ಲ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. ಚಿತ್ರಕಲೆಯ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳೂ 1857ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಜೆ.ಜೆ. ಕಲಾಶಾಲೆಯ ಪಾಠಕ್ರಮವೂ ಈ ಭಾಗದ ಡ್ರಾಯಿಂಗ್ ಮಾಸ್ತರರಿಗೆ ಮೇಲ್ಪಂಕ್ತಿಯಾಗಿದ್ದವು. ಧಾರವಾಡದಲ್ಲಿ ಕಲಾಶಾಲೆ ಕಟ್ಟಿದ ಡಿ.ವಿ. ಹಾಲಭಾವಿ ಜೆ.ಜೆ.ಯಲ್ಲಿ ಕಲಿತವರು. ಬೆಳಗಾವಿಯ ಕೆ.ಬಿ. ಕುಲಕರ್ಣಿಯವರ ಕೈಯಲ್ಲಿ ಪಳಗಿದ ರವಿ ಪರಾಂಜಪೆ ಮುಂಬಯಿಯಲ್ಲಿ ಹೆಸರು ಮಾಡಿದರು. ರಾಜ್ಯದ ರಾಜಧಾನಿ ಬದಲಾದ ಮೇಲೆ ಕಲಾವಿದರ ಓಡಾಟವೂ ಬೆಂಗಳೂರಿನ ಕಡೆ ತಿರುಗಿತು. ಅಲ್ಲಿ ಚಿತ್ರಕಲಾ ಪರಿಷತ್ತು 2004ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಚಿತ್ರಸಂತೆಗೂ ಟಿಕೆಟ್ ಇಲ್ಲ. ಆದರೆ ಅದು ವರ್ಷಕ್ಕೊಂದು ದಿನ, ಬಿಸಿಲಿನಲ್ಲಿ, ಬೀದಿಯಲ್ಲಿ ನಡೆಯುವ ಸಂತೆ. ಗ್ಯಾಲರಿಯ ಹೊಸ್ತಿಲು ದಾಟುವ ರೂಢಿ ಅದರಿಂದ ಬಾರದು.

ಚಿಕ್ಕೋಡಿ ಭಾಗದ ಅಂಕಲಿಯಿಂದ ಕೃಷ್ಣೆ ದಾಟಿದರೆ ಮಿರಜದ ದಾರಿ. ಮಿರಜದಿಂದ ಮುಂಬಯಿಗೆ ರೈಲಿದೆ, ಬೆಳಗಿನ ಹೊತ್ತಿಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ತಲಪಬಹುದು. ಅಲ್ಲಿಂದ ಕಾಳಾ ಘೋಡಾ ಕಾಲ್ನಡಿಗೆಯ ದೂರ. ಅದೇ ರಾತ್ರಿ ಮರಳಬೇಕೆನ್ನುವವರು ಮಾತ್ರ ಗಡಿಯಾರ ನೋಡಿಕೊಳ್ಳಬೇಕು. ಕೊಲ್ಹಾಪುರದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಎಂಟು ದಾಟುತ್ತಿದ್ದಂತೆ ಹೊರಡುವ ಗಾಡಿ, ಗ್ಯಾಲರಿಗಳಲ್ಲಿ ಜನ ಸೇರುವುದೂ ಆ ಹೊತ್ತಿಗೇ. ಅಂಥವರು ಜಹಾಂಗೀರ್ ಮತ್ತು ಫೋರ್ಟಿನ ಗ್ಯಾಲರಿಗಳನ್ನಷ್ಟೇ ನೋಡಿ ಕೊಲಾಬಾವನ್ನು ಇನ್ನೊಂದು ಗುರುವಾರಕ್ಕೆ ಬಿಡುವುದು ಒಳಿತು.